ಮೂರೂಕಾಲರಲ್ಲಿ ಒಂದೂಮುಕ್ಕಾಲು ಕಳೆದರೆ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ನೆಗಡಿ ಹಿಡಿಯುತ್ತದೆ. ನನಗೆ ಹೋದಲ್ಲೆಲ್ಲ ಭಿನ್ನರಾಶಿ ಗಂಟುಬೀಳುತ್ತದೆ. ಅದರಲ್ಲೂ ಮೂರೂಕಾಲು, ಒಂದೂಮುಕ್ಕಾಲು ಅಂತ ಬಾಲ ಇಟ್ಟುಕೊಂಡು ಬರುವ ಮಿಶ್ರ ಭಿನ್ನರಾಶಿ. ಕೂಡುವಾಗ ಅದು ಬಹಳ ಸಾಧು ಪ್ರಾಣಿ. ಕಳೆಯಲು ಹೋದಿರೋ, ಮನೆ ಮಂದಿಯ ಮರ್ಯಾದೆ ತೆಗೆಯುತ್ತದೆ. ಅಡುಗೆಮನೆಯಲ್ಲೂ ಹಾಗೆ, ಪಾಠ ಹೇಳುವ ಕ್ಲಾಸಿನಲ್ಲೂ ಹಾಗೆ. ಎರಡೂ ಕಡೆ ಅದರ ಕೈಗೆ ಸಿಕ್ಕಿ, ಎರಡೂ ಕಡೆ ಹೇಗೋ ಪಾರಾಗಿ ಬಂದವಳು ನಾನು. ಆದ್ದರಿಂದ ನಗುನಗುತ್ತಾ ಹೇಳುವ ಧೈರ್ಯ ಮಾಡಿದ್ದೇನೆ.

ಕೇಸರಿಬಾತು ಮತ್ತು ನಿಂಬೆ ಉಪ್ಪಿನಕಾಯಿ

ಮದುವೆಯಾಗಿ ನಾನು ಮೈಸೂರಿನಿಂದ ತಿರುವನಂತಪುರಕ್ಕೆ ಹೋದಾಗ ಅರವತ್ತರ ದಶಕ ಇನ್ನೂ ಅರ್ಧ ದಾಟಿರಲಿಲ್ಲ. ನಮ್ಮವರು ಕೇಂದ್ರ ಸರ್ಕಾರದ ಒಂದು ಲೆಕ್ಕಪತ್ರದ ಆಫೀಸಿನಲ್ಲಿದ್ದರು. ಗಣಿತದಲ್ಲಿ ಬಿ.ಎಸ್ಸಿ. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದಕ್ಕೇ ಸರ್ಕಾರ ಅವರಿಗೆ ಸಂಬಳ ಕೊಡುತ್ತಿತ್ತು. ಈ ಮಾತನ್ನು ಅವರು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೇ ಬಡಿಸುತ್ತಿದ್ದರು.

ಆ ಊರಿನಲ್ಲಿ ದೀಪಾವಳಿ ಅಷ್ಟೇನೂ ದೊಡ್ಡ ಹಬ್ಬವಲ್ಲ. ಆದರೆ ನಾವು ಬಿಡುತ್ತೇವೆಯೇ? ನಮ್ಮವರು ತಮ್ಮ ಮೇಲಧಿಕಾರಿಯನ್ನು ಹೆಂಡತಿ ಸಮೇತ ಮನೆಗೆ ಕರೆದುಬಿಟ್ಟರು. ಅವರು ಅದೇ ಊರಿನವರು, ಬಹಳ ಗಂಭೀರ ಮನುಷ್ಯ. ನಾನು ರೇಷನ್ ಸಕ್ಕರೆಯನ್ನು ಕೂಡಿಟ್ಟು ಕೇಸರಿಬಾತಿಗೆ ಇಳಿದೆ. ನಮ್ಮ ತಾಯಿ ಹೇಳಿಕೊಟ್ಟ ಅಳತೆಯ ಪ್ರಕಾರ ಮೂರೂಕಾಲು ಲೋಟ ಸಕ್ಕರೆ ಹಾಕಬೇಕು. ಒಂದೂಮುಕ್ಕಾಲು ಹಾಕಿದ್ದೆ, ಅಷ್ಟರಲ್ಲಿ ಮನೆಯ ಮಾಲೀಕರ ಹೆಂಡತಿ ಹಿತ್ತಲಿನಿಂದ ಕರೆದರು. ಮಾತಾಡಿ ಬರುವಷ್ಟರಲ್ಲಿ ರವೆ ಗಟ್ಟಿಯಾಗತೊಡಗಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಲೋಟ. ತಲೆ ಓಡಲಿಲ್ಲ.

"ರೀ, ಮೂರೂಕಾಲರಲ್ಲಿ ಒಂದೂಮುಕ್ಕಾಲು ಹೋದರೆ ಎಷ್ಟು?" ಅಂತ ಕೂಗಿದೆ.

ಪೇಪರಿನ ಹಿಂದಿನಿಂದ ಆ ಕ್ಷಣವೇ ಉತ್ತರ ಬಂತು. "ಎರಡೂವರೆ!"

ಗಣಿತದ ಬಿ.ಎಸ್ಸಿ. ಹೇಳಿದ ಮೇಲೆ ನಾನು ಯಾರು ಪ್ರಶ್ನೆ ಮಾಡಲಿಕ್ಕೆ? ಎರಡೂವರೆ ಲೋಟ ಸುರಿದೆ. ಕೇಸರಿಬಾತು ಹೊಳೆಯಿತು, ಅಂಟಿತು, ಆಮೇಲೆ ಸೌಟನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅತಿಥಿಗಳು ಬಂದು ಕೂತಾಗಿತ್ತು, ಬೇರೆ ಮಾಡಲು ಸಕ್ಕರೆಯೂ ಇರಲಿಲ್ಲ, ಮುಖವೂ ಇರಲಿಲ್ಲ. ಹಾಗೇ ಬಡಿಸಿದೆ.

ಅಧಿಕಾರಿಗಳು ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದರು. ನೀರು ಕುಡಿದರು. ಮತ್ತೆ ನೀರು ಕುಡಿದರು. ಆಮೇಲೆ ಬಹಳ ಮೆಲ್ಲಗೆ, "ಮನೆಯಲ್ಲಿ ನಿಂಬೆ ಉಪ್ಪಿನಕಾಯಿ ಇದೆಯೇ?" ಎಂದು ಕೇಳಿದರು. ತಂದುಕೊಟ್ಟೆ. ಒಂದು ಚಮಚ ಕೇಸರಿಬಾತು, ಒಂದು ನೆಕ್ಕು ಉಪ್ಪಿನಕಾಯಿ, ಹೀಗೆ ತಟ್ಟೆ ಖಾಲಿ ಮಾಡಿದರು. ದೊಡ್ಡ ಮನಸ್ಸು. ಅವರ ಹೆಂಡತಿ ಕುತೂಹಲದಿಂದ, "ಮೈಸೂರಿನಲ್ಲಿ ಹೀಗೇ ತಿನ್ನುವುದೋ?" ಅಂದರು. ನಮ್ಮವರು ಗಾಬರಿಯಲ್ಲಿ, "ಹೌದು ಹೌದು, ಹೀಗೇ" ಅಂದುಬಿಟ್ಟರು.

ಅವರು ಹೋದ ಮೇಲೆ ನಾನು ಲೆಕ್ಕ ಕೇಳಿದೆ. "ನೋಡು, ಮೂರರಲ್ಲಿ ಒಂದು ಹೋದರೆ ಎರಡು. ಕಾಲರಲ್ಲಿ ಮುಕ್ಕಾಲು ಹೋಗಲ್ಲ. ಅದಕ್ಕೆ ಮುಕ್ಕಾಲರಲ್ಲಿ ಕಾಲು ಕಳೆದೆ, ಅರ್ಧ," ಅಂದರು, ಉಪಕಾರ ಮಾಡಿದವರ ಹಾಗೆ. ಒಂದೂವರೆ ಹಾಕಬೇಕಾದಲ್ಲಿ ಎರಡೂವರೆ ಬಿದ್ದಿತ್ತು. ಅವರ ಕೆಲಸಕ್ಕೇನೂ ಕುತ್ತು ಬರಲಿಲ್ಲ, ನಾವಿಬ್ಬರೂ ನಿಟ್ಟುಸಿರು ಬಿಟ್ಟೆವು.

ನಿಟ್ಟುಸಿರು ಬಿಟ್ಟದ್ದು ಸ್ವಲ್ಪ ಬೇಗ ಆಯಿತು. ಮುಂದಿನ ಓಣಂಗೆ ಅಧಿಕಾರಿಗಳು ನಮ್ಮನ್ನು ಊಟಕ್ಕೆ ಕರೆದರು. ಎಲೆಯ ತುಂಬ ಊಟ, ಎರಡು ಬಗೆಯ ಪಾಯಸ. ಕೊನೆಗೆ ಅವರ ಹೆಂಡತಿ ಒಳಗಿನಿಂದ ನಮ್ಮಿಬ್ಬರಿಗೇ ಅಂತ ಬೇರೆ ಮಾಡಿದ ತಟ್ಟೆ ತಂದಿಟ್ಟರು. ಕೇಸರಿಬಾತು, ಅದರ ನೆತ್ತಿಯ ಮೇಲೆ ನಿಂಬೆ ಉಪ್ಪಿನಕಾಯಿ. "ನಿಮ್ಮ ಊರಿನ ಪದ್ಧತಿ ಮರೆತಿಲ್ಲ," ಎಂದು ಪಕ್ಕದಲ್ಲೇ ನಿಂತರು. ನಾವು ಮೈಸೂರಿನ ಮಾನ ಕಾಪಾಡಿ ಪೂರ್ತಿ ತಿಂದೆವು.

ಪಕ್ಕದ ಮನೆಯವರ ಜೊತೆ ಮಾತಿಲ್ಲ

ಎಪ್ಪತ್ತರ ದಶಕದಲ್ಲಿ ನಮ್ಮವರಿಗೆ ಕೊಚ್ಚಿಗೆ ವರ್ಗವಾಯಿತು. ಕಲೂರಿನಲ್ಲಿ ಬಾಡಿಗೆ ಮನೆ. ಮೈಸೂರಿನಿಂದ ಅತ್ತೆಯೂ ನಮ್ಮ ಜೊತೆಗಿರಲು ಬಂದರು. ಮನೆಯನ್ನೂ ಮಗಳನ್ನೂ ನೋಡಿಕೊಳ್ಳಲು ಅವರಿದ್ದರು, ನನಗೆ ಟೀಚರ್ ಟ್ರೈನಿಂಗ್ ಆಗಿತ್ತು. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಗಣಿತದ ಟೀಚರ್ ಬೇಕಾಗಿದ್ದಾರೆ ಎಂದು ತಿಳಿದು ಹೋಗಿ ಸೇರಿಕೊಂಡೆ. ಬಂದರಿನವರ, ಕಸ್ಟಮ್ಸಿನವರ, ನೌಕಾಪಡೆಯವರ ಮಕ್ಕಳು. ಪುಸ್ತಕ ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಬೈಗುಳ ಭಾರತದ ಎಲ್ಲ ಭಾಷೆಗಳಲ್ಲಿ.

ಹೆಡ್‌ಮಿಸ್ಟ್ರೆಸ್ ಮೊದಲ ದಿನವೇ ಕರೆದು ಹೇಳಿದರು. "ಟೀಚರೇ, ಸದ್ಯಕ್ಕೆ ನೀವು ಟೆಂಪರರಿ. ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ಹೋದ ಸಲ ಮಿಶ್ರ ಭಿನ್ನರಾಶಿ ಕಳೆಯೋ ಲೆಕ್ಕದಲ್ಲಿ ಇಡೀ ಕ್ಲಾಸು ಬಾಯಿ ಬಿಟ್ಟಿತು. ಈ ಸಲ ಮಕ್ಕಳು ಉತ್ತರ ಹೇಳಿದರೆ ನೀವು ಖಾಯಂ. ಇಲ್ಲದಿದ್ದರೆ ನಾನೇನೂ ಮಾಡೋ ಹಾಗಿಲ್ಲ."

ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಸಂಬಳದ ಮಾತು ಒಂದು ಕಡೆ ಇರಲಿ. ಬೆಳಿಗ್ಗೆ ಎರ್ನಾಕುಳಂ ಜೆಟ್ಟಿಯಲ್ಲಿ ಬೋಟು ಹತ್ತಿ ಕೂತರೆ, ದ್ವೀಪ ಮುಟ್ಟುವ ತನಕ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಮುಖಕ್ಕೆ ಗಾಳಿ ಬೀಸುತ್ತಿತ್ತು, ಮಡಿಲಲ್ಲಿ ನನ್ನದೇ ಆದ ಒಂದು ಬ್ಯಾಗು ಇರುತ್ತಿತ್ತು. ಆ ಸುಖ ಕೈತಪ್ಪಿದರೆ ಅಂತ ನೆನೆದಾಗಲೆಲ್ಲ ಆ ಬ್ಯಾಗನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಪುಸ್ತಕದ ಲೆಕ್ಕಗಳಲ್ಲಿ ಕೇಕು, ಬೆಣ್ಣೆ ಅಂತೆಲ್ಲ ಇತ್ತು. ನಾನು ಅದನ್ನು ಬದಿಗಿಟ್ಟು ಮಕ್ಕಳ ಮನೆಯ ಅಡುಗೆಗೇ ಕೈಹಾಕಿದೆ.

"ಪಾತ್ರೆಯಲ್ಲಿ ಮೂರೂಕಾಲು ಲೋಟ ತೆಂಗಿನಹಾಲು ಇದೆ. ಅಮ್ಮ ಒಂದೂಮುಕ್ಕಾಲು ಲೋಟ ಪಾಯಸಕ್ಕೆ ಹಾಕಿದರು. ಉಳಿದದ್ದೆಷ್ಟು?"

"ಎರಡೂವರೆ!" ಎಂದು ಇಡೀ ಕ್ಲಾಸು ಕೂಗಿತು. ಬೆಂಚುಗಳ ಮೇಲೆಲ್ಲ ನಮ್ಮವರೇ ಸಾಲಾಗಿ ಕೂತ ಹಾಗೆ ಕಂಡಿತು ನನಗೆ.

ಸರಿ, ಬೋರ್ಡಿಗೆ ಒಬ್ಬ ಹುಡುಗನನ್ನು ಕರೆದೆ. ನಯವಾಗಿ ವಿವರಿಸಿದೆ. "ನೋಡು ಮಗೂ, ಈ ಕಾಲು ಬಡವ. ಅವನ ಹತ್ತಿರ ಮುಕ್ಕಾಲು ಕೇಳಿದರೆ ಎಲ್ಲಿಂದ ಕೊಡ್ತಾನೆ? ಪಕ್ಕದ ಮನೆಯಲ್ಲಿ ಮೂರು ಇದ್ದಾನೆ, ಅನುಕೂಲಸ್ಥ. ಅವನ ಹತ್ತಿರ ಹೋಗಿ ಒಂದನ್ನು ಕಡ ತರಬೇಕು. ಒಂದು ಅಂದರೆ ನಾಲ್ಕು ಕಾಲು. ಇವನ ಹತ್ತಿರ ಮೊದಲೇ ಒಂದು ಕಾಲಿದೆ. ಒಟ್ಟು ಐದು ಕಾಲು. ಅದರಲ್ಲಿ ಮೂರು ಕಾಲು ಕೊಟ್ಟರೆ ಎರಡು ಕಾಲು ಉಳಿಯಿತು, ಅಂದರೆ ಅರ್ಧ. ಅಲ್ಲಿ ಮೂರು ಹೋಗಿ ಎರಡಾಗಿದೆ, ಎರಡರಲ್ಲಿ ಒಂದು ಹೋದರೆ ಒಂದು. ಒಟ್ಟು ಒಂದೂವರೆ. ತಿಳಿಯಿತಾ?"

ಹುಡುಗ ಚಾಕ್‌ಪೀಸು ಹಿಡಿದು ಕದಲದೆ ನಿಂತ.

"ಹೋಗಪ್ಪಾ, ಪಕ್ಕದ ಮನೆಗೆ ಹೋಗಿ ಕೇಳು."

"ಹೋಗಲ್ಲ ಟೀಚರ್."

"ಯಾಕೆ?"

"ಪಕ್ಕದ ಮನೆಯವರ ಜೊತೆ ನಮಗೆ ಮಾತಿಲ್ಲ. ಅವರ ಮಾವಿನಮರ ನಮ್ಮ ಕಡೆ ಬಗ್ಗಿದೆ."

ಗೋಧಿಯ ಪಾಠ

ಬಾಯಿಮಾತಿನಿಂದ ಆಗುವುದಲ್ಲ, ಮಕ್ಕಳ ಕೈಯಲ್ಲೇ ಅಳೆಸಬೇಕು ಎಂದು ತೀರ್ಮಾನಿಸಿದೆ. ಅತ್ತೆಯ ಬಳಿ ಹೋಗಿ, "ಅತ್ತೆ, ಸ್ಕೂಲಿಗೆ ಸ್ವಲ್ಪ ಅಕ್ಕಿ ಬೇಕಿತ್ತು, ವಾಪಸು ತರ್ತೀನಿ" ಅಂದೆ.

"ಅಕ್ಕಿ ಆಟ ಆಡೋಕೇನೇ? ಇರೋ ರೇಷನ್ನಿನಲ್ಲಿ?" ಎಂದು ಅತ್ತೆ ಗದರಿದರು. ಆಮೇಲೆ ಮನಸ್ಸು ಕರಗಿ, "ಗೋಧಿ ಇದೆ, ತಗೊಂಡ್ಹೋಗು. ವಾಪಸು ಮಾತ್ರ ತರಬೇಡ ಕಣೇ" ಅಂದರು. ಅಕ್ಕಿಯ ಜೊತೆ ರೇಷನ್ನಿನಲ್ಲಿ ಗೋಧಿಯನ್ನೂ ಕೊಡುತ್ತಿದ್ದರು. ತರುವುದು ಗೊತ್ತಿತ್ತು, ಅದನ್ನು ಏನು ಮಾಡಬೇಕೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚೀಲ ಹೊತ್ತು ಬೋಟು ಹತ್ತಿದೆ. ಕ್ಲಾಸಿನಲ್ಲಿ ಗುಂಪು ಮಾಡಿ, ಗುಂಪಿಗೊಂದು ಬುಟ್ಟಿ, ಒಂದು ಲೋಟ, ಕಾಲು ಲೋಟ ಹಿಡಿಯುವ ಒಂದು ಬಟ್ಟಲು ಕೊಟ್ಟೆ. ಮೂರೂಕಾಲು ಅಳೆದು ಬುಟ್ಟಿಗೆ ಹಾಕಿ, ಅದರಿಂದ ಒಂದೂಮುಕ್ಕಾಲು ತೆಗೆದು, ಉಳಿದದ್ದನ್ನು ಅಳೆದು ಹೇಳಬೇಕು. ನನ್ನ ಬುದ್ಧಿಗೆ ನಾನೇ ಬೀಗಿದೆ. ಸ್ವಲ್ಪ ಹೊತ್ತಿಗೇ ಕಿಟಕಿಯಲ್ಲಿ ಕಾಗೆಗಳೂ ಬಂದು ಪಾಠ ಕೇಳತೊಡಗಿದವು.

ಒಂದು ಗುಂಪಿನದು ಒಂದೂವರೆ ಬಂತು. ಇನ್ನೊಂದರದ್ದು ಒಂದೂಕಾಲು, ಯಾಕೆಂದರೆ ಒಬ್ಬ ಅಗಿಯುತ್ತಿದ್ದ. ಮೂರನೆಯ ಗುಂಪಿನ ಹುಡುಗಿ ಎದ್ದು ನಿಂತು ಹೆಮ್ಮೆಯಿಂದ, "ಟೀಚರ್, ನಮ್ಮದು ಎರಡೂಕಾಲು!" ಅಂದಳು.

ಅದು ಹೇಗೆ ಸಾಧ್ಯ? ಮತ್ತೆ ಅಳೆಸಿದೆ. ಪುನಃ ಎರಡೂಕಾಲೇ. ನನಗೇ ಗಣಿತದ ಮೇಲೆ ಅನುಮಾನ ಬಂತು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ. ನೆಲದ ತುಂಬ ಗೋಧಿ, ಕಿಟಕಿಯ ತುಂಬ ಕಾಗೆ. "ಟೀಚರೇ, ಇದು ಕ್ಲಾಸೋ, ಗೋದಾಮೋ?" ಅಂದರು. ನಾನು ಕೈಯಲ್ಲಿದ್ದ ಗೋಧಿ ಕೊಡವಿಕೊಂಡು, "ಪ್ರಯೋಗ, ಮೇಡಂ" ಅಂದೆ. ಅವರು ಆ ಹುಡುಗಿಯ ಕಡೆ ತಿರುಗಿ, "ನೀನು ಹೇಗೆ ಅಳೆದೆ, ತೋರಿಸು" ಅಂದರು.

ಹುಡುಗಿ ತೋರಿಸಿದಳು. ಬುಟ್ಟಿಗೆ ಹಾಕುವಾಗ ಲೋಟದ ಮೇಲೆ ಗೋಪುರದ ಹಾಗೆ ರಾಶಿ. ಬುಟ್ಟಿಯಿಂದ ತೆಗೆದು ಕೊಡುವಾಗ ಅಂಗೈಯಿಂದ ಸರಕ್ಕನೆ ಸವರಿ ಸಮ, ಸಮಕ್ಕಿಂತ ಒಂದು ಕೂದಲು ಕಡಿಮೆಯೇ.

"ಹೀಗೆ ಯಾರು ಹೇಳಿಕೊಟ್ಟರು?" ಹೆಡ್‌ಮಿಸ್ಟ್ರೆಸ್ ಕೇಳಿದರು.

"ನಮ್ಮಪ್ಪ, ಮೇಡಂ. ಮಟ್ಟಾಂಚೇರಿಯಲ್ಲಿ ನಮ್ಮದು ಅಕ್ಕಿ ಅಂಗಡಿ."

ಎಣ್ಣೆ ಡಬ್ಬದ ಅಮ್ಮ

ಗೋಧಿಯ ಗಲಾಟೆಯಾದರೂ ಮಕ್ಕಳಿಗೆ ಲೆಕ್ಕ ಹತ್ತಿತು. ಹತ್ತಿತು ಅಂದರೆ ಹುಚ್ಚೇ ಹತ್ತಿತು. ಮನೆಗೆ ಹೋಗಿ ಡಬ್ಬ ಡಬ್ಬದ ಮುಚ್ಚಳ ತೆಗೆದು ಅಳೆಯತೊಡಗಿದರು.

ಒಂದು ದಿನ ಮಧ್ಯಾಹ್ನ ತ್ರಿಪ್ಪುಣಿತ್ತುರದಿಂದ ಒಬ್ಬ ಹುಡುಗನ ತಾಯಿ ಬಂದರು. ಅಂಚಿನ ಬಿಳಿ ಸೀರೆ, ಕೈಯಲ್ಲಿ ಕೊಡೆ, ಮುಖದಲ್ಲಿ ದುಗುಡ. ನನ್ನನ್ನು ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು.

"ಟೀಚರೇ, ಈ ಕಳೆಯೋ ಲೆಕ್ಕ ಇನ್ನೂ ಎಷ್ಟು ದಿನ?"

"ಯಾಕಮ್ಮ, ಮಗನಿಗೆ ಬರುತ್ತಿಲ್ಲವೇ?"

"ಬರುತ್ತಿದೆ, ಅದೇ ಕಷ್ಟ! ನಿನ್ನೆ ರಾತ್ರಿ ಊಟದ ಹೊತ್ತಿಗೆ ಅಪ್ಪನ ಮುಂದೆ ನಿಂತು ಹೇಳಿದ. ತೆಂಗಿನೆಣ್ಣೆ ಡಬ್ಬದಲ್ಲಿ ನಾಲ್ಕೂಕಾಲು ನಾಳಿ ಇತ್ತು. ಅಮ್ಮ ಅಡುಗೆಗೆ ತೆಗೆದದ್ದು ಎರಡೂಮುಕ್ಕಾಲು. ಇರಬೇಕಾದ್ದು ಒಂದೂವರೆ. ಇರುವುದು ಅರ್ಧ. ಒಂದು ನಾಳಿ ಎಲ್ಲಿ ಹೋಯಿತು, ಅಂತ."

"ಎಲ್ಲಿ ಹೋಗಿತ್ತು?"

ಅವರು ಅತ್ತಿತ್ತ ನೋಡಿದರು. "ನನ್ನ ತಂಗಿಯ ಮನೆಗೆ. ಪ್ರತಿ ತಿಂಗಳೂ ಹೋಗುತ್ತೆ. ಮದುವೆಯಾದಾಗಿನಿಂದ ಹೋಗುತ್ತೆ. ಈ ತನಕ ಒಬ್ಬರಿಗೂ ಗೊತ್ತಾಗಿರಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಇಲಿ ಚೆಲ್ಲಿತು ಅಂದೆ. ಎಷ್ಟು ದೊಡ್ಡ ಇಲಿ ಅಂತ ಅದಕ್ಕೂ ಲೆಕ್ಕ ಶುರುಮಾಡಿದ. ನಿಮ್ಮ ಕೈ ಮುಗಿಯುತ್ತೇನೆ, ಇದನ್ನು ನಿಲ್ಲಿಸಿ ಭಾಗಾಕಾರ ಶುರುಮಾಡಿ."

ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಆದರೂ ಸತ್ಯ ಹೇಳಬೇಕಲ್ಲ. "ಅಮ್ಮಾ, ಭಾಗಾಕಾರಕ್ಕೆ ಬಂದರೆ ಯಾರ ಯಾರ ಪಾಲಿಗೆ ಎಷ್ಟೆಷ್ಟು ಹೋಯಿತು ಅಂತಲೇ ಹೇಳಿಬಿಡುತ್ತಾನೆ," ಅಂದೆ.

ಅವರು ಕೊಡೆಯನ್ನು ಕೈಯಿಂದ ಕೈಗೆ ಬದಲಿಸಿದರು. "ಹಾಗಾದರೆ ಇದೇ ಇರಲಿ. ಇಲಿಯನ್ನೇ ಸ್ವಲ್ಪ ದೊಡ್ಡದು ಮಾಡ್ತೇನೆ," ಎಂದು ಕೊಡೆ ಬಿಚ್ಚಿಕೊಂಡು ಹೊರಟರು.

ಡಬ್ಬದಲ್ಲಿ ಎಷ್ಟಿದೆ?

ಕೊನೆಗೂ ಇನ್ಸ್‌ಪೆಕ್ಟರ್ ಬರುವ ದಿನ ಬಂತು. ತಿರುವನಂತಪುರದಿಂದ ಬರುವವರು, ಬಿಳಿ ಷರಟು, ದಪ್ಪ ಕನ್ನಡಕ, ನಗು ಅನ್ನುವುದನ್ನು ಊರಲ್ಲೇ ಬಿಟ್ಟು ಬಂದವರ ಹಾಗಿದ್ದರು. ಹೆಡ್‌ಮಿಸ್ಟ್ರೆಸ್ ಅವರ ಹಿಂದೆ, ಅವರ ಹಿಂದೆ ಚಹಾದ ಕೆಟಲ್ ಹಿಡಿದ ಪ್ಯೂನ್. ನಾನು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಬೋಟಿನಲ್ಲಿ ಕೂತಾಗ, ಇದೇ ಕೊನೆಯ ಸವಾರಿಯೋ ಏನೋ ಅನ್ನಿಸಿ ಕಣ್ಣು ಒದ್ದೆಯಾಗಿತ್ತು.

ಮೊದಲು ಬೋರ್ಡಿನ ಲೆಕ್ಕ ಕೊಟ್ಟರು. ಮಕ್ಕಳು ಪಟಪಟ ಮಾಡಿದರು. ಮಾವಿನಮರದ ಹುಡುಗನೂ ಪಕ್ಕದ ಮನೆಗೆ ಹೋಗಿ ಒಂದನ್ನು ತಂದ. ನನ್ನ ಜೀವ ಸ್ವಲ್ಪ ಸ್ವಲ್ಪವಾಗಿ ವಾಪಸು ಬರುತ್ತಿತ್ತು.

"ಸರಿ, ಇನ್ನು ಒಂದೇ ಒಂದು ಬಾಯಿಲೆಕ್ಕ," ಅಂದರು ಇನ್ಸ್‌ಪೆಕ್ಟರ್. ಕಣ್ಣು ಓಡಾಡಿಸಿ ಎರಡನೇ ಬೆಂಚಿನ ಜಡೆಯ ಹುಡುಗಿಗೆ ಬೆರಳು ತೋರಿಸಿದರು. ಅವಳು ನನ್ನ ಮಗಳು. ಅದೇ ವರ್ಷ ಅದೇ ಕ್ಲಾಸಿಗೆ ಬಂದಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ಅಜ್ಜಿಯ ಮಾತೆಂದರೆ ವೇದ, ಯಾವ ಭಾಷೆಯಲ್ಲಾದರೂ ಸರಿ.

ಮಕ್ಕಳಿಗೆ ಸುಲಭವಾಗಲಿ ಎಂದು ಇನ್ಸ್‌ಪೆಕ್ಟರ್ ಮಲಯಾಳದಲ್ಲೇ ಕೇಳಿದರು. "ಮನೆಯ ಅಕ್ಕಿ ಡಬ್ಬದಲ್ಲಿ ಮೂರೂಕಾಲು ಲೋಟ ಅಕ್ಕಿ ಇದೆ. ಅಮ್ಮ ಬೆಳಿಗ್ಗೆ ಒಂದೂಮುಕ್ಕಾಲು ಲೋಟ ತೆಗೆದರು. ಸಂಜೆ ಒಂದೂವರೆ ಲೋಟ ತೆಗೆದರು. ಈಗ ಡಬ್ಬದಲ್ಲಿ ಎಷ್ಟಿದೆ?"

ಅವಳು ಬೆರಳು ಮಡಿಸಿದಳು, ತುಟಿ ಅಲ್ಲಾಡಿಸಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು.

"ತುಂಬಿದೆ, ಸಾರ್."

ಹೆಡ್‌ಮಿಸ್ಟ್ರೆಸ್ ನನ್ನನ್ನು ನೋಡಿದ ನೋಟದಲ್ಲಿ ನನ್ನ ಕೆಲಸ ಹೋಗಿಯಾಗಿತ್ತು.

"ಏನು?" ಇನ್ಸ್‌ಪೆಕ್ಟರ್ ಕನ್ನಡಕ ಸರಿಮಾಡಿಕೊಂಡರು. "ಸರಿಯಾಗಿ ಯೋಚಿಸು. ಎಷ್ಟಿದೆ?"

"ತುಂಬಿದೆ, ಸಾರ್. ಡಬ್ಬ ತುಂಬ."

"ಬೋರ್ಡಿಗೆ ಬಾ. ಬರೆದು ಮಾಡು."

ಅವಳು ಬಂದಳು. ಮೂರೂಕಾಲರಿಂದ ಒಂದೂಮುಕ್ಕಾಲನ್ನು ಅಚ್ಚುಕಟ್ಟಾಗಿ ಕಳೆದಳು. ಒಂದೂವರೆ. ಅದರಿಂದ ಒಂದೂವರೆ ಕಳೆದಳು. ದುಂಡಗೆ ಒಂದು ಸೊನ್ನೆ ಬರೆದು ಕೈ ಕೊಡವಿಕೊಂಡಳು.

"ಇದೇನು?"

"ಸೊನ್ನೆ, ಸಾರ್."

"ಹಾಗಾದರೆ ಡಬ್ಬದಲ್ಲಿ ಎಷ್ಟಿದೆ?"

"ತುಂಬಿದೆ, ಸಾರ್."

"ಸೊನ್ನೆ ಅಂತ ನೀನೇ ಬರೆದಿದ್ದೀಯಲ್ಲ!"

"ಬೋರ್ಡಿನಲ್ಲಿ ಸೊನ್ನೆ ಅನ್ನಬಹುದು, ಸಾರ್. ಅಕ್ಕಿ ಡಬ್ಬದಲ್ಲಿ ಅನ್ನಬಾರದು. ಅಜ್ಜಿ ಬೈತಾರೆ."

ಇನ್ನು ನಾನು ಬಾಯಿ ಬಿಡದಿದ್ದರೆ ಉಳಿಗಾಲವಿರಲಿಲ್ಲ. ತೊದಲುತ್ತಾ ವಿವರಿಸಿದೆ. ಇವಳ ಅಜ್ಜಿ ಹಳೇ ಕಾಲದವರು, ನಮ್ಮ ಕಡೆ ಮನೆಯಲ್ಲಿ ಅಕ್ಕಿ ಇಲ್ಲ, ಮುಗಿಯಿತು ಅಂತ ಬಾಯಲ್ಲಿ ಆಡುವುದಿಲ್ಲ, ಲಕ್ಷ್ಮಿಗೆ ಬೇಜಾರಾಗುತ್ತದೆ ಎಂದು ತುಂಬಿದೆ ಅನ್ನುತ್ತಾರೆ, ಮಗು ಕೇಳಿ ಕೇಳಿ ಕಲಿತಿದೆ, ಲೆಕ್ಕ ಮಾತ್ರ ಅವಳಿಗೆ ಬರುತ್ತದೆ, ದಯವಿಟ್ಟು...

ಇನ್ಸ್‌ಪೆಕ್ಟರ್ ಕೈಯೆತ್ತಿ ನನ್ನನ್ನು ತಡೆದರು. ಮಗಳ ಕಡೆ ಬಾಗಿ ಕೇಳಿದರು. "ಅಜ್ಜಿ 'ಅಕ್ಕಿ ತುಂಬಿದೆ' ಅಂದ ತಕ್ಷಣ ನಿಮ್ಮ ಮನೆಯಲ್ಲಿ ಏನಾಗುತ್ತೆ?"

"ಅಪ್ಪ ಚೀಲ ತಗೊಂಡು ರೇಷನ್ ಅಂಗಡಿಗೆ ಓಡ್ತಾರೆ, ಸಾರ್."

ಮೊದಲು ಅವರ ಹೊಟ್ಟೆ ಅಲುಗಾಡಿತು. ಆಮೇಲೆ ಭುಜ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ ಮನುಷ್ಯ ನಗತೊಡಗಿದರು ನೋಡಿ, ಕ್ಲಾಸಿಗೆ ಕ್ಲಾಸೇ ನಕ್ಕಿತು. "ಉತ್ತರ ಸರಿ. ಎರಡೂ ಉತ್ತರ ಸರಿ," ಅಂದರು. ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ, "ಈ ಟೀಚರನ್ನು ಬಿಡಬೇಡಿ. ಖಾಯಂ ಮಾಡಿಸುವುದಕ್ಕೆ ನಾನೇ ಹೇಳುತ್ತೇನೆ," ಅಂದರು.

ಬದುಕಿದೆಯಾ ಬಡಜೀವವೇ ಎಂದು ನಾನು ಮೇಜನ್ನು ಹಿಡಿದುಕೊಂಡೆ. ಹೆಡ್‌ಮಿಸ್ಟ್ರೆಸ್ ಮುಖವೂ ಅರಳಿತು. ಸಂತೋಷದಲ್ಲಿ ಅವರು ಬಾಗಿಲ ಕಡೆ ತಿರುಗಿ, "ಸಾರ್‌ಗೆ ಇನ್ನೊಂದು ಗ್ಲಾಸ್ ಚಹಾ ಕೊಡು," ಎಂದು ಪ್ಯೂನಿಗೆ ಹೇಳಿದರು.

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಪ್ಯೂನ್ ಕೆಟಲ್ ಮುಚ್ಚಳ ತೆಗೆದು ಒಳಗೆ ಇಣುಕಿದ. ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಂದು ಹನಿಯೂ ಬೀಳಲಿಲ್ಲ. ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಕೆಟಲ್ ಹಿಡಿದುಕೊಂಡು, ದೇವರ ಮುಂದೆ ನಿಂತವನಷ್ಟು ಭಕ್ತಿಯಿಂದ ಹೇಳಿದ.

"ತುಂಬಿದೆ, ಮೇಡಂ."